ಮುಂದಿನ ಶನಿವಾರ ಬರ್ತೀರಾ ಸರ್?

ಹುಡುಗ ಎಂಟನೇ ಕ್ಲಾಸು. ಭಿನ್ನರಾಶಿ ಅಂದರೆ ಸಾಕು, ಮುದುಡಿ ಕೂರುತ್ತಿದ್ದ. ಬೆಂಗಳೂರಿನ ಒಂದು ಸರ್ಕಾರಿ ಶಾಲೆಯಲ್ಲಿ ಶನಿವಾರ ಒಂದು ಗಂಟೆ ಅವನ ಪಕ್ಕ ಕೂತು ಲೆಕ್ಕ ಹೇಳಿಕೊಡುವುದು ನನ್ನ ಪಾಲಿಗೆ ಬಂದಿತ್ತು. ಮೊದಲ ನಾಲ್ಕು ವಾರ ಅವನು ನನ್ನ ಮುಖವನ್ನೇ ನೋಡಲಿಲ್ಲ. ಉತ್ತರ ಬರೆಯುತ್ತಿದ್ದ, ನಾನು ಬಗ್ಗಿ ನೋಡುವಷ್ಟರಲ್ಲಿ ರಬ್ಬರ್ ತಗೊಂಡು ಅಳಿಸುತ್ತಿದ್ದ. ನೋಟ್‌ಬುಕ್ಕಿನ ಹಾಳೆ ಅಲ್ಲಲ್ಲಿ ತೂತು ಬಿದ್ದಿತ್ತು. ಐದನೇ ವಾರ, ಮುಕ್ಕಾಲು ದೊಡ್ಡದೋ ಮೂರರಲ್ಲಿ ಎರಡು ಭಾಗ ದೊಡ್ಡದೋ ಎಂದು ಕೇಳಿದೆ. ಬರೆದ. ಅಳಿಸಲಿಲ್ಲ. ಹೊರಡುವಾಗ ಕೇಳಿದ: "ಮುಂದಿನ ಶನಿವಾರ ಬರ್ತೀರಾ ಸರ್?"

ಇನ್ನೆರಡು ವಾರ ಹೋದೆ. ಆಮೇಲೆ ಆಫೀಸಿನಲ್ಲಿ ಹೊಸ ಪ್ರಾಜೆಕ್ಟ್, ಮನೆಯಲ್ಲಿ ಓಡಾಟ. ಬರುವುದಿಲ್ಲ ಎಂದು ಅವನಿಗೆ ಹೇಳಲೂ ಇಲ್ಲ, ಸುಮ್ನೆ ನಿಲ್ಲಿಸಿಬಿಟ್ಟೆ. ಏನೂ ಇಲ್ಲದ್ದಕ್ಕಿಂತ ಏಳು ವಾರ ವಾಸಿ ಅಲ್ವಾ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ವಾಸಿಯಲ್ಲ ಎಂದು ಗೊತ್ತಾಗಿದ್ದು ಎಷ್ಟೋ ವರ್ಷಗಳ ನಂತರ, ಅಮೆರಿಕದ ಒಂದು ಅಧ್ಯಯನ ಓದಿದಾಗ.

ಅಲ್ಲಿ ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್ ಎಂಬ ಸಂಸ್ಥೆಯಿದೆ. ಅದರ ಬೇರು 1904ರ ನ್ಯೂಯಾರ್ಕ್‌ನಲ್ಲಿದೆ. ಅರ್ನೆಸ್ಟ್ ಕೌಲ್ಟರ್ ಎಂಬ ಕೋರ್ಟ್ ಗುಮಾಸ್ತ, ಕಟಕಟೆ ಹತ್ತಿ ಬರುತ್ತಿದ್ದ ಒಬ್ಬೊಬ್ಬ ಹುಡುಗನಿಗೂ ಒಬ್ಬೊಬ್ಬ ದೊಡ್ಡವರನ್ನು ಜೊತೆ ಮಾಡತೊಡಗಿದ. ಈಗಲೂ ಕೆಲಸ ಹೆಚ್ಚುಕಡಿಮೆ ಅದೇ: ಒಂದು ಮಗು, ಒಬ್ಬ ಸ್ವಯಂಸೇವಕ, ತಿಂಗಳಿಗೆ ಕೆಲವು ಭೇಟಿ. ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ ಎಂಬ ಸಂಶೋಧಕಿಯರು ಅಲ್ಲಿಗೆ ಅರ್ಜಿ ಹಾಕಿದ್ದ 1,138 ಮಕ್ಕಳ ಮಾಹಿತಿ ಕೂಡಿಸಿ ನೋಡಿದರು. ವಯಸ್ಸು 10ರಿಂದ 16. ಕೆಲವರಿಗೆ ಮೆಂಟರ್, ಅಂದರೆ ಜೊತೆಗಿದ್ದು ದಾರಿ ತೋರುವ ದೊಡ್ಡವರು, ಸಿಕ್ಕಿದ್ದರು, ಉಳಿದವರು ಕಾಯುವ ಪಟ್ಟಿಯಲ್ಲಿದ್ದರು. ಯಾರು ಯಾವ ಕಡೆ ಎಂದು ಚೀಟಿ ಎತ್ತಿದ ಹಾಗೆ ಹಂಚಲಾಗಿತ್ತು.

ಫಲಿತಾಂಶ 2002ರಲ್ಲಿ ಬಂತು. ಒಂದು ವರ್ಷ ದಾಟಿದ ಜೋಡಿಗಳಲ್ಲಿ ಮಕ್ಕಳಿಗೆ ತಮ್ಮ ಮೇಲಿನ ನಂಬಿಕೆ, ಓದು ತನ್ನ ಕೈಲಾಗುತ್ತದೆ ಎಂಬ ಭಾವನೆ ಎರಡೂ ಹೆಚ್ಚಿದ್ದವು. ಮೂರು ತಿಂಗಳೊಳಗೆ ಮುರಿದುಬಿದ್ದ ಜೋಡಿಗಳ ಮಕ್ಕಳು ಕಾಯುವ ಪಟ್ಟಿಯವರಿಗಿಂತಲೂ ಕುಗ್ಗಿದ್ದರು. ಅಂದರೆ, ಮೆಂಟರೇ ಸಿಗದ ಮಕ್ಕಳ ಸ್ಥಿತಿ ಇವರಿಗಿಂತ ವಾಸಿ. ಮೊದಲೇ ಕಷ್ಟದಲ್ಲಿದ್ದ ಮಕ್ಕಳ ಜೋಡಿಗಳೇ ಬೇಗ ಮುರಿದಿರಬಹುದಲ್ವಾ ಎಂದು ಕೇಳಬಹುದು. ಸಂಶೋಧಕರಿಗೂ ಅದೇ ಅನುಮಾನವಿತ್ತು, ಅದನ್ನು ಕಳೆದು ಲೆಕ್ಕ ಹಾಕಲು ಪ್ರಯತ್ನಿಸಿದ್ದರು. 26ರಿಂದ 30 ವರ್ಷದ, ಮದುವೆಯಾದ ಸ್ವಯಂಸೇವಕರು ನಡುವೆ ಕೈಬಿಡುವ ಸಾಧ್ಯತೆ ಹೆಚ್ಚಿತ್ತು ಎಂಬ ಸಾಲೂ ಅದರಲ್ಲಿದೆ. ಆ ಹುಡುಗನನ್ನು ಕೈಬಿಟ್ಟಾಗ ನನಗೆ 28, ಮದುವೆಯಾಗಿ ಏಳೆಂಟು ತಿಂಗಳು.

ಆ ಅಧ್ಯಯನದಲ್ಲಿದ್ದ ಬಹುಪಾಲು ಮಕ್ಕಳು ಅಪ್ಪನೋ ಅಮ್ಮನೋ ಒಬ್ಬರ ಜೊತೆಗೇ ಬೆಳೆದವರು. ದೊಡ್ಡವರು ಬರುತ್ತಾರೆ, ಹೋಗುತ್ತಾರೆ ಎಂಬುದು ಅವರಿಗೆ ಹೊಸದಲ್ಲ. ನಮ್ಮ ಪ್ರಾಜೆಕ್ಟ್ ಅವರಿಗೆ ಕಾಣುವುದಿಲ್ಲ. ನನ್ನಲ್ಲೇ ಏನೋ ಐಬಿರಬೇಕು ಎಂದುಕೊಳ್ಳುತ್ತಾರೆ.

ಹಾಗಾದರೆ ವರ್ಷಗಟ್ಟಲೆ ಜೊತೆಗಿದ್ದರೆ ಆಗುವುದಾದರೂ ಏನು? ಇದಕ್ಕೆ ನನಗೆ ಸಿಕ್ಕ ಒಳ್ಳೆಯ ಉತ್ತರ ಹಾವಿನದು. ಸ್ಟ್ಯಾನ್‌ಫರ್ಡ್‌ನ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ, ಹಾವೆಂದರೆ ನಡುಗುವವರನ್ನು ಕರೆದು ಪ್ರಯೋಗ ಮಾಡಿದ. ಮೊದಲು ಜೊತೆಗಾರ ಹಾವನ್ನು ಹಿಡಿಯುತ್ತಾನೆ, ಇವರು ದೂರದಿಂದ ನೋಡುತ್ತಾರೆ. ಆಮೇಲೆ ಒಂದು ಹೆಜ್ಜೆ ಹತ್ತಿರ. ಕೈಗವಸು ಹಾಕಿ ಮುಟ್ಟುವುದು. ಅವನು ತಲೆ, ಬಾಲ ಹಿಡಿದಿರುವಾಗ ಬರಿಗೈಯಲ್ಲಿ ನಡುವನ್ನು ಸವರುವುದು. ಹೀಗೆ ಮುಂದುವರಿದ ಹಾಗೆ ಅವನು ತನ್ನ ಕೈ ಸಡಿಲಿಸುತ್ತಾ ಬರುತ್ತಾನೆ. ಕೊನೆಗೆ ಹಾವು ಇವರ ಕೈಯಲ್ಲಿ, ಅವನು ಪಕ್ಕಕ್ಕೆ.

ಬರೀ ನೋಡಿದವರಿಗಿಂತ ಹೀಗೆ ಕೈಯಾರೆ ಹಿಡಿದವರಿಗೆ ಧೈರ್ಯ ಹೆಚ್ಚು ಬಂತು. ನಾನು ಇದನ್ನು ಮಾಡಬಲ್ಲೆ ಎಂಬ ನಂಬಿಕೆಗೆ ಬಂಡೂರ 1977ರ ಲೇಖನದಲ್ಲಿ ನಾಲ್ಕು ಮೂಲ ಹೇಳಿದ. ಎಲ್ಲಕ್ಕಿಂತ ಬಲವಾದದ್ದು ಸ್ವತಃ ಮಾಡಿ ಗೆದ್ದ ಅನುಭವ. ಶಹಭಾಸ್ ಎಂದು ಬೆನ್ನು ತಟ್ಟುವುದು ಅದರ ಮುಂದೆ ಸಪ್ಪೆ. ನಾವೋ ಮಕ್ಕಳಿಗೆ ಶಹಭಾಸನ್ನೇ ಬಡಿಸುತ್ತೇವೆ.

ಹಾವಿನ ಭಯ ಕೆಲವು ಗಂಟೆಯಲ್ಲಿ ಹೋಗಬಹುದು. ಲೆಕ್ಕದ ಭಯ, ನಾಲ್ಕು ಜನರ ಮುಂದೆ ಮಾತಾಡುವ ಭಯ ಹಾಗಲ್ಲ. ಎಷ್ಟು ಹಿಡಿಯಬೇಕು, ಯಾವಾಗ ಬಿಡಬೇಕು ಎಂದು ತಿಳಿಯಲು ಹುಡುಗನ ಪರಿಚಯ ಬೇಕು. ಅವನು ಒಮ್ಮೆಯಾದರೂ ನಮ್ಮ ಕಣ್ಣೆದುರೇ ಸೋಲಬೇಕು. ಸೋತ ಮುಂದಿನ ವಾರವೂ ನಾವು ಬಂದಿದ್ದನ್ನು ಅವನು ನೋಡಬೇಕು. ಏಳು ವಾರದಲ್ಲಿ ಇದಾಗುವುದಿಲ್ಲ.

ಹಾಗೆಂದು ವರ್ಷ ಎಣಿಸಿದರೆ ಸಾಲದು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1939ರಲ್ಲಿ ಶುರುವಾದ ಒಂದು ಯೋಜನೆ ನೂರಾರು ಹುಡುಗರ ಮನೆಗೆ ಸರಾಸರಿ ಐದು ವರ್ಷ ಸಲಹೆಗಾರರನ್ನು ಕಳಿಸಿತು. ಸುಮಾರು 30 ವರ್ಷದ ನಂತರ ಜೋನ್ ಮೆಕ್‌ಕಾರ್ಡ್ ಎಂಬ ಸಂಶೋಧಕಿ ಆ ಹುಡುಗರನ್ನೆಲ್ಲ ಹುಡುಕಿ ನೋಡಿದರೆ, ಹಲವು ವಿಷಯಗಳಲ್ಲಿ ಅವರು ನೆರವು ಸಿಗದವರಿಗಿಂತ ಕೆಟ್ಟ ಸ್ಥಿತಿಯಲ್ಲಿದ್ದರು. ಸಹಾಯವಾಯಿತು ಎಂದು ಅವರಲ್ಲೇ ಎಷ್ಟೋ ಜನ ಹೇಳಿದರು! ಮತ್ತೆ ಮತ್ತೆ ಬೇಸಿಗೆ ಶಿಬಿರಕ್ಕೆ ಹೋದ ಹುಡುಗರು ಒಬ್ಬರಿಂದೊಬ್ಬರು ಪುಂಡಾಟ ಕಲಿತರು ಎಂಬುದು ನಂತರ ಸಿಕ್ಕ ಒಂದು ವಿವರಣೆ.

ಈಗ ನಾನು ಹೋಗುವುದು ಪಕ್ಕದ ಬೀದಿಯ ಒಬ್ಬ ಹುಡುಗಿಗೆ ಪಾಠ ಹೇಳಲು. ಇದು ಮೂರನೇ ವರ್ಷ. ಮೊದಲ ಪಿಯುಸಿಯಲ್ಲಿ ಅವಳು ಫಿಸಿಕ್ಸ್‌ನಲ್ಲಿ ಫೇಲಾದಳು. ಆ ಭಾನುವಾರವೂ ಹೋದೆ. ಪುಸ್ತಕ ತೆಗೆಯಲಿಲ್ಲ, ಅವಳ ಅಮ್ಮ ಕೊಟ್ಟ ಮಂಡಕ್ಕಿ ತಿಂದುಕೊಂಡು ಅದೂ ಇದೂ ಮಾತಾಡಿದೆವು. ಪೂರಕ ಪರೀಕ್ಷೆಯಲ್ಲಿ ಪಾಸಾದಳು. ಹೋದ ತಿಂಗಳು ಫೋನ್ ಮಾಡಿದ್ದಳು. ಕಾಲೇಜಿನ ಅರ್ಜಿ ತುಂಬುವುದಕ್ಕೆ ಕರೆಯುತ್ತಿದ್ದಾಳೆ ಎಂದುಕೊಂಡು, ಶನಿವಾರ ಬರಲೇ ಎಂದೆ.

"ಬೇಡ ಸರ್, ನಾನೇ ತುಂಬಿ ಕಳಿಸಿದೆ. ಸುಮ್ನೆ ಹೇಳೋಣ ಅಂತ ಮಾಡಿದೆ."