ಪವರ್ ಬ್ಯಾಂಕ್ ಸೂಟ್‌ಕೇಸಿಗೆ ಹಾಕಬೇಡಿ

ಹುಬ್ಬಳ್ಳಿಯಲ್ಲಿ ಲ್ಯಾಪ್‌ಟಾಪ್, ಮೊಬೈಲ್ ರಿಪೇರಿ ನನ್ನ ಕಸುಬು. ಗೋಕುಲ ರಸ್ತೆಯ ಏರ್‌ಪೋರ್ಟಿಗೆ ಹೊರಟವರು ಅಂಗಡಿಗೆ ಬಂದು ಹೆಚ್ಚಾಗಿ ಕೇಳುವುದು ಇದನ್ನೇ: “ಅಣ್ಣಾರ, ಎಕ್ಸ್‌ರೇ ಮಷೀನ್‌ದಾಗ ಹಾಕಿದ್ರ ಹಾರ್ಡ್ ಡಿಸ್ಕ್ ಕೆಡತೈತೇನ್ರಿ?” ಕೆಡುವುದಿಲ್ಲ. ಪೆನ್ ಡ್ರೈವ್, ಮೆಮೊರಿ ಕಾರ್ಡಿಗೂ ಏನೂ ಆಗುವುದಿಲ್ಲ. ಹಳೇ ಕ್ಯಾಮೆರಾದ ರೋಲ್ ಇದ್ದರೆ ಮಾತ್ರ ಕೈಯಲ್ಲೇ ತಪಾಸಣೆ ಮಾಡಿ ಎಂದು ಕೇಳಿಕೊಳ್ಳಿ.

ನನಗೆ ನಿಜವಾಗಿ ಚಿಂತೆ ಇರುವುದು ಬ್ಯಾಟರಿಯದ್ದು. ಪವರ್ ಬ್ಯಾಂಕನ್ನು ಬಟ್ಟೆಯಲ್ಲಿ ಸುತ್ತಿ ಸೂಟ್‌ಕೇಸಿಗೆ ಹಾಕಿ ಚೆಕ್-ಇನ್‌ಗೆ ಕೊಡುವವರು ಇನ್ನೂ ಇದ್ದಾರೆ. ಹಾಗೆ ಕೊಡುವಂತಿಲ್ಲ. ಲಿಥಿಯಂ ಬ್ಯಾಟರಿ ಒಳಗೆ ಶಾರ್ಟ್ ಆದರೆ ಒಂದು ಸೆಲ್ಲಿನ ಬಿಸಿ ಪಕ್ಕದ ಸೆಲ್ಲಿಗೆ ಹತ್ತಿಕೊಳ್ಳುತ್ತದೆ. ಸೀಟಿನ ಹತ್ತಿರ ಹೊಗೆ ಕಂಡರೆ ಸಿಬ್ಬಂದಿ ಓಡಿ ಬಂದು ಬೆಂಕಿ ಆರಿಸುತ್ತಾರೆ, ನೀರು ಸುರಿದು ತಣ್ಣಗೆ ಮಾಡುತ್ತಾರೆ. ವಿಮಾನದ ಹೊಟ್ಟೆಯೊಳಗಿನ ಸೂಟ್‌ಕೇಸಿನ ಹತ್ತಿರ ಹೋಗುವವರು ಯಾರು?

ಎಷ್ಟು ದೊಡ್ಡದು ಒಯ್ಯಬಹುದು? ಇಲ್ಲಿ ಲೆಕ್ಕ ವ್ಯಾಟ್ ಅವರ್‌ನಲ್ಲಿ, ಅಂದರೆ ಬ್ಯಾಟರಿಯಲ್ಲಿ ಒಟ್ಟು ಎಷ್ಟು ಶಕ್ತಿ ತುಂಬುತ್ತದೆ ಎನ್ನುವ ಅಳತೆ. 100ರ ತನಕ ತೊಂದರೆ ಇಲ್ಲ. 100ರಿಂದ 160ರ ನಡುವೆ ಇದ್ದರೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ಮನೆಯಲ್ಲೇ ಬಿಡಿ. ಪವರ್ ಬ್ಯಾಂಕಿನ ಮೇಲೆ ಬರೆದಿರುವ 20,000 ಎಂಎಎಚ್ (ಮಿಲಿ ಆಂಪಿಯರ್ ಅವರ್) ಅಂದರೆ 20 ಆಂಪಿಯರ್ ಅವರ್. ಅದನ್ನು ಸೆಲ್ಲಿನ 3.7 ವೋಲ್ಟಿನಿಂದ ಗುಣಿಸಿದರೆ 74 ವ್ಯಾಟ್ ಅವರ್ ಬರುತ್ತದೆ. 30,000ದ್ದಾದರೆ 111, ಅಂದರೆ 100 ದಾಟಿತು, ಒಪ್ಪಿಗೆ ಬೇಕು. ಕೆಲವರು ಔಟ್‌ಪುಟ್‌ನ 5 ವೋಲ್ಟಿನಿಂದ ಗುಣಿಸಿ ಸುಮ್ನೆ ಗಾಬರಿಯಾಗುತ್ತಾರೆ. ಎಂಎಎಚ್ ಬರೆದಿರುವುದು ಒಳಗಿನ ಸೆಲ್ಲಿಗೆ, ಹಾಗಾಗಿ ಸೆಲ್ಲಿನ ವೋಲ್ಟೇಜನ್ನೇ ಹಿಡಿಯಬೇಕು. ಅಗ್ಗದ ಮಾಲಿನಲ್ಲಿ ಈ ಬರಹ ಬೇಗ ಅಳಿಸಿ ಹೋಗುತ್ತದೆ. ಓದಲು ಬಾರದ ಪವರ್ ಬ್ಯಾಂಕನ್ನು ತಪಾಸಣೆಯವರು ಬೇಡ ಎನ್ನಬಹುದು, ಅದು ಸರಿಯೇ ಅಲ್ವಾ?

ಲ್ಯಾಪ್‌ಟಾಪ್ ತೆಗೆದು ಟ್ರೇಯಲ್ಲಿ ಇಡಿ ಎಂದಾಗ ಬೇಸರ ಬೇಡ. ಬ್ಯಾಟರಿ, ಲೋಹದ ತಟ್ಟೆ ಎಕ್ಸ್‌ರೇಯಲ್ಲಿ ದಟ್ಟವಾಗಿ ಕಾಣುತ್ತವೆ. ಅದರ ಹಿಂದೆ ಏನಿದೆ ಎಂದು ಪರದೆ ನೋಡುವವರಿಗೆ ತಿಳಿಯುವುದಿಲ್ಲ. ಆನ್ ಮಾಡಿ ತೋರಿಸಿ ಎನ್ನುವುದೂ ಉಂಟು, ಸ್ವಲ್ಪ ಚಾರ್ಜ್ ಇರಲಿ.

ಹೊರಡುವ ಮುಂಚೆ ಲ್ಯಾಪ್‌ಟಾಪನ್ನು ಸಪಾಟಾದ ಟೇಬಲ್ ಮೇಲೆ ಇಟ್ಟು ನೋಡಿ. ಅಲುಗಾಡಿದರೆ, ಟಚ್‌ಪ್ಯಾಡ್ ಮೇಲೆದ್ದಿದ್ದರೆ ಬ್ಯಾಟರಿ ಉಬ್ಬಿರಬಹುದು. ಒತ್ತಬೇಡಿ, ಚುಚ್ಚಬೇಡಿ, ಪ್ರಯಾಣಕ್ಕಂತೂ ಬೇಡವೇ ಬೇಡ. ಕ್ಯಾಮೆರಾದ ಬಿಡಿ ಬ್ಯಾಟರಿ ಒಯ್ಯುವವರು ಅದರ ತಗಡಿನ ತುದಿಗಳಿಗೆ ಟೇಪ್ ಹಚ್ಚಿ, ಒಂದೊಂದನ್ನೂ ಬೇರೆ ಬೇರೆ ಚೀಲದಲ್ಲಿಟ್ಟು ಕೈಬ್ಯಾಗಿನಲ್ಲೇ ಒಯ್ಯಿರಿ. ನಾಣ್ಯ, ಕೀಲಿಕೈ ತಾಗಿದರೂ ಶಾರ್ಟ್ ಆಗುತ್ತದೆ.