ಕಲಬುರಗಿಗೆ ಎಷ್ಟು ಅಕ್ಷರ?

ಕಲಬುರಗಿಯ ಇಂಜಿನಿಯರಿಂಗ್ ಕಾಲೇಜುಗಳ ಲ್ಯಾಬ್‌ನಲ್ಲಿ ಮಕ್ಕಳು ಬರೆಯುವ ಮೊದಲ ಸಿ ಪ್ರೋಗ್ರಾಂ ಎಲ್ಲರಿಗೂ ಗೊತ್ತಿರುವುದೇ. ಪ್ರಿಂಟ್‌ಎಫ್ ಎಂದು ಬರೆದು, ಕೋಟ್ ಒಳಗೆ ‘ಹಲೋ ವರ್ಲ್ಡ್’ ಎಂಬ ಇಂಗ್ಲಿಷಿನ ಎರಡು ಪದ ಹಾಕಿ, ರನ್ ಒತ್ತಿದರೆ ಮುಗೀತು. ಆ ಎರಡು ಪದ ತೆಗೆದು ‘ಕಲಬುರಗಿ’ ಎಂದು ಕನ್ನಡದಲ್ಲೇ ಟೈಪ್ ಮಾಡಿ ನೋಡಿ. ಲಿನಕ್ಸ್ ಇರುವ ಕಂಪ್ಯೂಟರ್ ಆದರೆ ಊರಿನ ಹೆಸರು ಟರ್ಮಿನಲ್‌ನಲ್ಲಿ ಬರುತ್ತದೆ. ಆ ಒಂದು ಸಾಲಿನ ಬೆನ್ನು ಹತ್ತಿ ಹೋದರೆ ಭಾಷೆಯ ಒಳಗೆ ಏನೇನು ನಡೆಯುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ.

ನಾವು ಬರೆದ ಸಿ ಕೋಡನ್ನು ಕಂಪ್ಯೂಟರ್ ಓಡಿಸಬಲ್ಲ ರೂಪಕ್ಕೆ ತರುವ ಜಿಸಿಸಿ ಕಂಪೈಲರ್ ಮೊದಲು ಹೊರಬಂದದ್ದು 1987ರಲ್ಲಿ. ಬರೆದವರು ರಿಚರ್ಡ್ ಸ್ಟಾಲ್ಮನ್. ಅದು ಒಂದೇ ಪ್ರೋಗ್ರಾಂ ಅಂತ ಅನಿಸುತ್ತದೆ, ಆದರೆ ಅಲ್ಲ. ಪ್ರಿಪ್ರೊಸೆಸರ್, ಕಂಪೈಲರ್, ಅಸೆಂಬ್ಲರ್, ಲಿಂಕರ್ ಇವುಗಳ ಕೆಲಸವನ್ನು ಒಂದರ ಹಿಂದೆ ಒಂದು ಮಾಡಿಸಿ, ನಡುವೆ ಹುಟ್ಟಿದ ಫೈಲ್‌ಗಳನ್ನು ಅಳಿಸಿಬಿಡುತ್ತದೆ. ‘ಸೇವ್-ಟೆಂಪ್ಸ್’ ಎಂಬ ಆಯ್ಕೆ ಕೊಟ್ಟರೆ ಅವು ಉಳಿಯುತ್ತವೆ. ಸಿ ಕಲಿಸುವವರು ಮೊದಲ ವಾರದಲ್ಲೇ ಇದನ್ನು ತೋರಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲ ಫೈಲ್ ತೆರೆದರೆ ನಮ್ಮ ಐದಾರು ಸಾಲು ನೂರಾರು ಸಾಲಾಗಿರುತ್ತದೆ. ಇನ್‌ಕ್ಲೂಡ್ ಮಾಡಿದ ಎಸ್‌ಟಿಡಿಐಒ ಹೆಡರ್ ಪೂರ್ತಿ ಅಲ್ಲಿಗೆ ಬಂದು ಕೂತಿರುತ್ತದೆ. ಪ್ರಿಂಟ್‌ಎಫ್ ಇರುವುದೇ ಈ ಹೆಡರ್‌ನಲ್ಲಿ ಎಂದು ತುಂಬಾ ಜನ ನಂಬಿದ್ದಾರೆ. ಎಷ್ಟು ಹುಡುಕಿದರೂ ಅದರ ಕೋಡ್ ಅಲ್ಲಿ ಸಿಗುವುದಿಲ್ಲ. ಇಂಥ ಹೆಸರಿನ ಫಂಕ್ಷನ್ ಇದೆ, ಇಂಥದ್ದು ಕೊಟ್ಟರೆ ಇಂಥದ್ದು ವಾಪಸ್ ಬರುತ್ತದೆ ಎಂದು ಹೇಳುವ ಒಂದು ಸಾಲು ಮಾತ್ರ ಸಿಗುತ್ತದೆ. ನಿಜವಾದ ಕೋಡ್ ಇರುವುದು ಸಿ ಲೈಬ್ರರಿಯಲ್ಲಿ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಅದು ಜಿ-ಲಿಬ್‌ಸಿ. ಮೊದಲೇ ಕಂಪೈಲ್ ಆಗಿ ಡಿಸ್ಕಿನಲ್ಲಿ ಇರುತ್ತದೆ. ನಮ್ಮ ಪ್ರೋಗ್ರಾಂ ಶುರುವಾಗುವಾಗ ಲೋಡರ್ ಎರಡನ್ನೂ ಜೋಡಿಸುತ್ತದೆ.

ಮುಂದಿನದು ಅಸೆಂಬ್ಲಿ ಫೈಲ್, ಅಂದರೆ ಪ್ರೊಸೆಸರ್‌ಗೆ ಕೊಡುವ ಆದೇಶಗಳ ಪಟ್ಟಿ. ನಾವು ಬರೆದದ್ದು ಪ್ರಿಂಟ್‌ಎಫ್, ಆದರೆ ಅಲ್ಲಿ ಕರೆದಿರುವುದು ‘ಪುಟ್ಸ್’ ಎಂಬ ಬೇರೆ ಫಂಕ್ಷನ್ ಅನ್ನು! ಸಂಖ್ಯೆ ಗಿಂಖ್ಯೆ ತುಂಬಿಸುವ ಕೆಲಸ ಇಲ್ಲ, ಕೊನೆಗೆ ಹೊಸ ಸಾಲಿನ ಗುರುತು ಮಾತ್ರ ಇದೆ ಎಂದು ಕಂಪೈಲರ್ ಗಮನಿಸಿರುತ್ತದೆ. ಅದಕ್ಕೆ ಹಗುರವಾದ ಪುಟ್ಸ್ ಸಾಕು. ಸಿ ಲೈಬ್ರರಿಯಲ್ಲಿ ಏನೇನಿದೆ ಎಂದು ಕಂಪೈಲರ್‌ಗೆ ಗೊತ್ತಿರುತ್ತದೆ ಅನ್ನುವುದು ನನಗೆ ಇವತ್ತಿಗೂ ಬೆರಗಿನ ವಿಷಯ. ಇನ್ನು ‘ಕಲಬುರಗಿ’ ಎಲ್ಲಿ? 340, 262, 225 ಎಂದು ಸಂಖ್ಯೆಗಳ ಸಾಲು ಇದೆ ನೋಡಿ, ಅದೇ. ಎಂಟರ ಆಧಾರದಲ್ಲಿ ಬರೆದ ಈ ಮೂರು ಸಂಖ್ಯೆ, ಅಂದರೆ ಮೂರು ಬೈಟ್, ಸೇರಿದರೆ ‘ಕ’.

ಓಡಿಸಿದಾಗಲೂ ಈ ಬೈಟ್‌ಗಳು ನೇರವಾಗಿ ಪರದೆಗೆ ಹೋಗುವುದಿಲ್ಲ. ಪ್ರತಿ ಸಲ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಅನ್ನು ಕರೆದರೆ ಸಮಯ ಹಾಳು. ಅದಕ್ಕೇ ಲೈಬ್ರರಿ ಅವನ್ನು ಬಫರ್‌ನಲ್ಲಿ ಕೂಡಿಡುತ್ತದೆ, ಸೀಟು ತುಂಬುವ ತನಕ ಸ್ಟ್ಯಾಂಡ್ ಬಿಡದ ಟಂಟಂ ಆಟೊ ಹಾಗೆ. ಟರ್ಮಿನಲ್‌ಗಾದರೆ ಸಾಲು ಮುಗಿದ ಕೂಡಲೇ ಕಳಿಸುತ್ತದೆ. ಫೈಲ್‌ಗಾದರೆ ಬಫರ್ ತುಂಬಬೇಕು, ಇಲ್ಲವೇ ಪ್ರೋಗ್ರಾಂ ಸರಿಯಾಗಿ ಮುಗಿಯಬೇಕು. ತನ್ನದಲ್ಲದ ಮೆಮೊರಿ ಮುಟ್ಟಿ ಪ್ರೋಗ್ರಾಂ ನಡುವೆಯೇ ನಿಂತುಹೋಗುವ ಸೆಗ್ಮೆಂಟೇಶನ್ ಫಾಲ್ಟ್ ಆದರೆ ಬಫರ್‌ನಲ್ಲಿದ್ದದ್ದೂ ಹೋಯಿತು. ತಪ್ಪು ಹುಡುಕಲು ಅಲ್ಲಲ್ಲಿ ಪ್ರಿಂಟ್‌ಎಫ್ ಹಾಕಿ ಔಟ್‌ಪುಟ್ ಅನ್ನು ಫೈಲ್‌ಗೆ ಕಳಿಸಿದ ಹುಡುಗಿ, ‘ಈ ಸಾಲಿಗೆ ಬಂದೇ ಇಲ್ವಲ್ಲ’ ಎಂದು ಮೇಲಿನ ಕೋಡ್‌ನಲ್ಲೇ ತಡಕಾಡುತ್ತಾಳೆ. ಪ್ರೋಗ್ರಾಂ ಆ ಸಾಲಿಗೆ ಬಂದಿರುತ್ತದೆ, ಬರೆದದ್ದು ಹೊರಗೆ ಬಂದಿರುವುದಿಲ್ಲ. ಇಂಥ ಹುಡುಕಾಟಕ್ಕೆ ತಪ್ಪಿನ ಸಂದೇಶಗಳಿಗೆಂದೇ ಇರುವ ಸ್ಟ್ಯಾಂಡರ್ಡ್ ಎರರ್‌ಗೆ ಬರೆಯುವುದೇ ಸರಿ, ಅದು ಬಫರ್‌ನಲ್ಲಿ ಕಾಯುವುದಿಲ್ಲ.

ಪ್ರೋಗ್ರಾಂ ಕರ್ನಲ್‌ಗೆ ಏನೇನು ಕೇಳಿತು ಎಂದು ತೋರಿಸುವ ಎಸ್‌ಟ್ರೇಸ್ ಹಾಕಿ ಓಡಿಸಿದರೆ ಕೊನೆಯ ಹೆಜ್ಜೆಯೂ ಕಾಣುತ್ತದೆ. ‘ರೈಟ್’ ಎಂಬ ಸಿಸ್ಟಂ ಕಾಲ್, ಅಂದರೆ ಕರ್ನಲ್‌ಗೆ ಮಾಡುವ ಕರೆ, ಕಳಿಸಿದ್ದು 22 ಬೈಟ್. ಒಂದು ಬೈಟ್ ಹೊಸ ಸಾಲಿಗೆ. ಹಾಗಾದರೆ ಐದು ಅಕ್ಷರದ ಊರಿಗೆ 21 ಬೈಟ್ ಯಾಕೆ?

ಎಲ್ಲ ಭಾಷೆಯ ಲಿಪಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ‘ಬು’ ಒಂದೇ ಸಂಕೇತ ಅಲ್ಲ. ಬ ಒಂದು, ಕೊಂಬು ಒಂದು. ‘ಗಿ’ಗೂ ಹಾಗೇ, ಗ ಮತ್ತು ಗುಡಿಸು. ಒಟ್ಟು 7 ಸಂಕೇತ. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ, ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ಉದ್ದ ಎಷ್ಟು ಎಂದು ಕೇಳಿದರೆ ಸಿ ಲೈಬ್ರರಿಯ ಸ್ಟ್ರ್‌ಲೆನ್ 21 ಎನ್ನುತ್ತದೆ, ಪೈಥಾನ್ 3ರ ಲೆನ್ 7 ಎನ್ನುತ್ತದೆ, ಒಂದನೇ ತರಗತಿಯ ಮಗು 5 ಎನ್ನುತ್ತದೆ. ‘ಯಾದಗಿರಿ’ಯಲ್ಲಿ ಕಾಣುವುದು ನಾಲ್ಕೇ ಅಕ್ಷರ, ಆದರೂ 21 ಬೈಟ್.

ಒತ್ತಕ್ಷರ ಬಂದರೆ ಲೆಕ್ಕ ಇನ್ನೂ ಮಜಾ. 2014ರ ನವೆಂಬರ್ 1ರಂದು ಗುಲ್ಬರ್ಗ ಅಧಿಕೃತವಾಗಿ ಕಲಬುರಗಿ ಆಯಿತು. ‘ಗುಲ್ಬರ್ಗ’ ಕಣ್ಣಿಗೆ ಮೂರು ಅಕ್ಷರ. ಒಳಗೆ ಒತ್ತಕ್ಷರ ಕೂಡಿಸುವ ಎರಡು ಹಲಂತವೂ (್) ಸೇರಿ 8 ಸಂಕೇತ, 24 ಬೈಟ್. ಅಕ್ಷರ ಮೂರರಿಂದ ಐದಕ್ಕೆ ಏರಿತು, ಬೈಟ್ 24ರಿಂದ 21ಕ್ಕೆ ಇಳಿಯಿತು. ಕೆಲವರು ಬರೆಯುವ ‘ಕಲಬುರ್ಗಿ’ಗೆ ಮತ್ತೆ 24. ಊರವರಿಗೆ ಮೂರೂ ಒಂದೇ ಊರು. ಬೈಟ್‌ಗೆ ಬೈಟ್ ಹೋಲಿಸುವ ಸ್ಟ್ರ್‌ಸಿಎಂಪಿಗೆ ಮೂರೂ ಬೇರೆ ಬೇರೆ. ಹಳೆ ದಾಖಲೆಗಳಲ್ಲಿ ಊರು ಹುಡುಕುವ ಪ್ರೋಗ್ರಾಂ ಬರೆಯುವವರು ಈ ಹೆಸರುಗಳನ್ನೆಲ್ಲ ತಾವೇ ಪಟ್ಟಿ ಮಾಡಿ ಕೊಡಬೇಕು.

ನಿಜವಾದ ತೊಂದರೆ ಬರುವುದು ಕತ್ತರಿಸುವಾಗ. ರಸೀದಿ ಪ್ರಿಂಟ್ ಮಾಡುವ ಪ್ರೋಗ್ರಾಂನಲ್ಲಿ ಊರಿನ ಹೆಸರಿಗೆ 20 ಬೈಟ್ ಜಾಗ ಇಟ್ಟಿದ್ದಾರೆ ಎಂದುಕೊಳ್ಳಿ. ಇಂಗ್ಲಿಷ್ ಹೆಸರಿಗೆ ಧಾರಾಳವಾಯಿತು. ಸಿಯಲ್ಲಿ ಕೊನೆಯ ಬೈಟ್ ‘ಇಲ್ಲಿಗೆ ಮುಗಿಯಿತು’ ಎನ್ನುವ ಸೊನ್ನೆಗೆ ಮೀಸಲು, ಉಳಿದದ್ದು 19. ‘ಕಲಬುರಗ’ ತನಕ 18 ಆಯಿತು. ಗುಡಿಸಿನ ಮೂರು ಬೈಟ್‌ನಲ್ಲಿ ಒಂದು ಮಾತ್ರ ಹಿಡಿಯಿತು. ಕೊಟ್ಟ ಜಾಗದಷ್ಟೇ ಬರೆಯುವ ಎಸ್‌ಎನ್‌ಪ್ರಿಂಟ್‌ಎಫ್ ಅಲ್ಲಿಗೇ ಕತ್ತರಿಸುತ್ತದೆ, ಅಕ್ಷರದ ಮಧ್ಯೆ ಕತ್ತರಿ ಹಾಕಿದೆ ಎಂಬುದು ಅದಕ್ಕೆ ಗೊತ್ತೇ ಆಗುವುದಿಲ್ಲ. ‘ಕಲಬುರಗ’ದ ಪಕ್ಕ ಕಪ್ಪು ಚೌಕದಲ್ಲಿ ಪ್ರಶ್ನೆ ಚಿಹ್ನೆಯೋ ಇನ್ನೇನೋ ಕಸವೋ ಬರುತ್ತದೆ. ದುಡ್ಡು ಕೊಟ್ಟು ರಸೀದಿ ತಗೊಳ್ಳುವವರಿಗೆ ತಮ್ಮೂರಿನ ಹೆಸರು ಪೂರ್ತಿ ಸಿಗಬೇಕಲ್ವಾ?

ಅರ್ಧ ಪರಿಹಾರ ಯುಟಿಎಫ್-8ರಲ್ಲೇ ಇದೆ. ಒಂದು ಸಂಕೇತದ ಮೊದಲ ಬೈಟ್ ಬಿಟ್ಟರೆ ಉಳಿದವು ಯಾವಾಗಲೂ 128ರಿಂದ 191ರ ಒಳಗೇ ಇರುತ್ತವೆ. ಬಿಟ್ಟುಹೋಗಲಿರುವ ಮೊದಲ ಬೈಟ್ ಈ ಮಿತಿಯಲ್ಲಿದ್ದರೆ ಹಿಂದೆ ಸರಿಯುತ್ತಾ ಬನ್ನಿ. ಮಿತಿಯ ಹೊರಗಿನ ಬೈಟ್ ಸಿಕ್ಕಿದಾಗ ಅದರ ಮುಂಚೆಯೇ ಕತ್ತರಿಸಿ. ಎರಡು ಮೂರು ಸಾಲಿನ ಕೋಡ್ ಅಷ್ಟೇ. ಕಸ ಹೋಗುತ್ತದೆ, ಆದರೆ ‘ಕಲಬುರಗ’ ಉಳಿಯುತ್ತದೆ. ಗ ಮತ್ತು ಗುಡಿಸು ಜೊತೆಗೇ ಇರಬೇಕು ಎಂದು ತಿಳಿದಿರುವುದು ಐಸಿಯು ಎಂಬ ಲೈಬ್ರರಿಗೆ. ಐಬಿಎಂ 1999ರಲ್ಲಿ ಅದನ್ನು ಮುಕ್ತವಾಗಿ ಬಿಟ್ಟಿತು, ಯಾರು ಬೇಕಾದರೂ ಬಳಸಬಹುದು. ಅದನ್ನು ಕೇಳಿದರೆ ‘ಕಲಬುರ’ ಆದ ಮೇಲೆ ಕತ್ತರಿಸಿ ಎನ್ನುತ್ತದೆ. ಹೆಸರು ಪೂರ್ತಿ ಬೇಕೆಂದರೆ 20ರ ಜಾಗದಲ್ಲಿ 64 ಎಂದು ಬರೆಯಿರಿ, ಇವತ್ತಿನ ಕಂಪ್ಯೂಟರ್‌ಗೆ ಅದು ಲೆಕ್ಕಕ್ಕೇ ಇಲ್ಲ.