ಅಕೌಂಟ್ಸ್ ಅಸಿಸ್ಟೆಂಟ್ ಕೆಲಸಕ್ಕೆ ರೆಸ್ಯೂಮ್: "ಜಿಎಸ್‌ಟಿ ಗೊತ್ತು" ಅಂತ ಬರೆದರೆ ಏಕೆ ಸಾಲದು?

ಬಿ.ಕಾಂ. ಮುಗಿಸಿ ಅಕೌಂಟ್ಸ್ ಕೆಲಸಕ್ಕೆ ಅರ್ಜಿ ಹಾಕುತ್ತಿರುವವರಿಗೆ ಈ ಟಿಪ್ಪಣಿ. ಹೆಸರು, ಫೋನ್, ಇಮೇಲ್, ಓದು ಇವೆಲ್ಲ ಹೇಗೆ ಬರೆಯುವುದೆಂದು ಎಲ್ಲರಿಗೂ ಗೊತ್ತು. ಡಿಗ್ರಿ ಮೇಲಿರಲಿ, ಎಸ್ಸೆಸ್ಸೆಲ್ಸಿ ಕೆಳಗಿರಲಿ. ಹೊಸಬರಿಗೆ ಒಂದು ಪುಟ ಸಾಕು.

ಕೈ ನಿಲ್ಲುವುದು ಅನುಭವದ ಸಾಲುಗಳಲ್ಲಿ. ಆಡಿಟರ್ ಆಫೀಸಿನಲ್ಲಿ ಕೆಲವು ತಿಂಗಳು ಕೆಲಸ ಕಲಿತವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ಆದರೂ ರೆಸ್ಯೂಮ್‌ನಲ್ಲಿ "ಟ್ಯಾಲಿ, ಜಿಎಸ್‌ಟಿ ಗೊತ್ತು" ಅಂತ ಸುಮ್ನೆ ಮುಗಿಸುತ್ತೇವೆ. ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಕ್ಲಾಸಿಗೆ ಹೋದವರೆಲ್ಲ ಇದನ್ನೇ ಬರೆಯುತ್ತಾರೆ, ಅಲ್ವಾ? ಓದುವವರಿಗೆ ತಿಳಿಯಬೇಕಾದದ್ದು ಒಂದೇ: ಕೆಲಸಕ್ಕೆ ಸೇರಿದ ದಿನ ಇವರ ಕೈಗೆ ಏನು ಕೊಡಬಹುದು?

ಜಿಎಸ್‌ಟಿಯನ್ನೇ ಬಿಡಿಸಿ ನೋಡಿ. ತಿಂಗಳು ತಿಂಗಳು ರಿಟರ್ನ್ ಹಾಕುವ ವ್ಯಾಪಾರಿಯ ಮಾರಾಟದ ವಿವರ ಜಿಎಸ್‌ಟಿಆರ್-1ರಲ್ಲಿ ಮುಂದಿನ ತಿಂಗಳ 11ರೊಳಗೆ ಹೋಗಬೇಕು. 14ರ ಹೊತ್ತಿಗೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಜಿಎಸ್‌ಟಿಆರ್-2ಬಿ, ಅಂದರೆ ನಮ್ಮ ಖರೀದಿಗಳ ಪಟ್ಟಿ, ಬರುತ್ತದೆ. ಸರಕು ಮಾರಿದವರು ತಮ್ಮ ರಿಟರ್ನ್‌ನಲ್ಲಿ ತೋರಿಸಿದ ಬಿಲ್‌ಗಳು ಅದರಲ್ಲಿರುತ್ತವೆ. ಅದನ್ನು ನಮ್ಮ ಖರೀದಿ ಲೆಕ್ಕದ ಜೊತೆ ತಾಳೆ ನೋಡಬೇಕು. ಯಾವುದಾದರೂ ಬಿಲ್ ಕಾಣದಿದ್ದರೆ ಅದರ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ನಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವುದು) ಆ ತಿಂಗಳು ಸಿಗುವುದಿಲ್ಲ, ಮಾರಿದವರಿಗೆ ಫೋನ್ ಮಾಡಿ ಹಾಕಿಸಬೇಕು. ಆಮೇಲೆ 20ರೊಳಗೆ ತಿಂಗಳ ತೆರಿಗೆ ಲೆಕ್ಕ ಕೊಟ್ಟು ಕಟ್ಟುವ ರಿಟರ್ನ್, ಜಿಎಸ್‌ಟಿಆರ್-3ಬಿ. ಇಷ್ಟರಲ್ಲಿ ನೀವು ಮಾಡಿದ್ದು ಯಾವುದು? ಅದನ್ನೇ ಬರೆಯಿರಿ:

"ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿಯ ತಿಂಗಳಿಗೆ ಸುಮಾರು 150 ಖರೀದಿ ಬಿಲ್‌ಗಳನ್ನು ಟ್ಯಾಲಿ ಪ್ರೈಮ್‌ಗೆ ಹಾಕಿ, 2ಬಿ ಜೊತೆ ಎಕ್ಸೆಲ್‌ನಲ್ಲಿ ತಾಳೆ ನೋಡಿ, ಸಿಗದ ಬಿಲ್‌ಗಳ ಪಟ್ಟಿ ಮಾಡಿದ್ದೇನೆ."

ಯಾರ ಲೆಕ್ಕ, ಎಷ್ಟು, ಯಾವುದರಲ್ಲಿ, ನಿಮ್ಮ ಪಾಲು ಎಲ್ಲಿಯವರೆಗೆ, ಎಲ್ಲವೂ ಬಂತು. ಅಂಗಡಿಯ ಹೆಸರು ಮಾತ್ರ ಬೇಡ, ಅದು ಗ್ರಾಹಕರ ಗುಟ್ಟು. ರಿಟರ್ನ್ ಸಲ್ಲಿಸಿದ್ದು ಸೀನಿಯರ್ ಆಗಿದ್ದರೆ "ಸಲ್ಲಿಸಿದ್ದೇನೆ" ಅಂತ ಬರೆಯಬೇಡಿ, "ವಿವರ ಸಿದ್ಧಮಾಡಿದ್ದೇನೆ" ಅನ್ನಿ. ಇಂಟರ್‌ವ್ಯೂನಲ್ಲಿ ಮುಂದಿನ ಪ್ರಶ್ನೆ ಈ ಸಾಲಿನಿಂದಲೇ ಹುಟ್ಟುತ್ತದೆ. "ಶೇಕಡಾ ಇಷ್ಟು ಸುಧಾರಿಸಿದೆ" ಎನ್ನುವಂಥ ಲೆಕ್ಕ ನಮ್ಮ ಹತ್ತಿರ ಇರುವುದಿಲ್ಲ, ಬೇಕಾಗಿಯೂ ಇಲ್ಲ. ಬಿಲ್ ಎಷ್ಟು, ತಾಳೆ ನೋಡಿದ ಬ್ಯಾಂಕ್ ಖಾತೆ ಎಷ್ಟು, ಅಷ್ಟು ಸಾಕು.

ನನಗೆ ತುಂಬಾ ಇಷ್ಟವಾದ ಉಪಾಯ: ಮೊದಲು ಇಂಗ್ಲಿಷ್‌ನಲ್ಲಿ ಬರೆಯಲು ಕೂರಬೇಡಿ. "ಅಲ್ಲಿ ಬೆಳಿಗ್ಗೆಯಿಂದ ಏನು ಮಾಡ್ತಿದ್ದೆ?" ಅಂತ ಗೆಳೆಯರಿಂದ ಕೇಳಿಸಿಕೊಂಡು ಕನ್ನಡದಲ್ಲಿ ಬಾಯಿಬಿಟ್ಟು ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ. ಮಾತಿನಲ್ಲಿ ಬಿಲ್, ಚಲನ್, ಇ-ವೇ ಬಿಲ್ ಎಲ್ಲ ತಾನಾಗಿ ಬರುತ್ತವೆ. ಅದನ್ನು ಸಣ್ಣ ಸಣ್ಣ ಇಂಗ್ಲಿಷ್ ಸಾಲು ಮಾಡಿ. ನೇರ ಇಂಗ್ಲಿಷ್‌ಗೆ ಕೂತರೆ "ಶ್ರಮಜೀವಿ, ಬೇಗ ಕಲಿಯುವವ" ಎನ್ನುವ ಖಾಲಿ ಮಾತುಗಳೇ ಜಾಸ್ತಿ ಬರುತ್ತವೆ.

ಫೈಲ್ ಪಿಡಿಎಫ್ ಆಗಿರಲಿ, ಸ್ಕ್ಯಾನ್ ಮಾಡಿದ ಚಿತ್ರ ಬೇಡ. ಅದರ ಅಕ್ಷರಗಳನ್ನು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ ನೋಡಿ. ಸಾಲುಗಳು ಹಿಂದುಮುಂದಾದರೆ ಅರ್ಜಿ ಓದುವ ಸಾಫ್ಟ್‌ವೇರ್‌ಗೂ ಹಾಗೇ ಕಾಣಬಹುದು. ಎರಡು ಕಾಲಂ, ಟೇಬಲ್ ತೆಗೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಧರ್ಮ, ಜಾತಿ, ತಂದೆಯ ಕೆಲಸ ಬೇಡ.

ಜಾಹೀರಾತಿನಲ್ಲಿ ಟಿಡಿಎಸ್ (ಹಣ ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ) ಕೇಳಿದ್ದು, ನೀವು ಕಾಲೇಜಿನಲ್ಲಿ ಮಾತ್ರ ಓದಿದ್ದರೆ, ಅದನ್ನು ಓದಿನ ಭಾಗದಲ್ಲಿ ಬರೆಯಿರಿ, ಅನುಭವದಲ್ಲಿ ಅಲ್ಲ.